ಕುದುರೆಯಿಲ್ಲದ ಸವಾರ

ಬೆಟ್ಟವನ್ನು ಹತ್ತುವವನಿಗೆ ಬೆಟ್ಟವೇ ಒಂದು ಉಪಕಾರವನ್ನು ಮಾಡುತ್ತದೆ. ಏದುಸಿರು ಬಂದಾಗ, ಕಾಲು ಸೋತಾಗ, ಅವನು ಹಿಂದಿರುಗಬಹುದು. ಹಿಂದಿರುಗುವ ದಾರಿ ಇಳಿಜಾರು. ಕಂದರದ ಸ್ವಭಾವ ಇದಕ್ಕೆ ತದ್ವಿರುದ್ಧವಾದುದು. ಅದು ಮೊದಲು ನಗುಮೊಗದಿಂದ ಒಳಕ್ಕೆ ಕರೆಯುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನ ಹಾದಿಯಲ್ಲಿ, ಕಾಲುಗಳು ತಾವಾಗಿಯೇ ಇಳಿಯುವಂತೆ ಮಾಡುತ್ತದೆ. ಲೆಕ್ಕ ಒಪ್ಪಿಸುವುದು ಆಮೇಲೆ, ನಡುಹಗಲಿನಲ್ಲಿ, ಶಕ್ತಿಯೆಲ್ಲ ವೆಚ್ಚವಾದ ಬಳಿಕ. ಸಾಲವನ್ನು ಕೊಳ್ಳುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞನು ಬಣ್ಣಿಸಿದ್ದು ಕನ್ನಡಿಗರಿಗೆಲ್ಲ ತಿಳಿದೇ ಇದೆ. ಕಂದರವೂ ಅಂತಹ ಸಾಹುಕಾರನೇ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದಲ್ಲಿ ಉದ್ಯಾನದ ಅಧಿಕಾರಿಗಳು ಪ್ರವಾಸಿಗಳಿಗೆ ಇದನ್ನೇ ಎಚ್ಚರಿಸುತ್ತಾರೆ: ಕೆಳಗಿಳಿಯುವುದು ನಿಮ್ಮ ಇಷ್ಟ, ಮೇಲೆ ಬರುವುದು ಮಾತ್ರ ಇಷ್ಟಾನಿಷ್ಟದ ಮಾತಲ್ಲ. ಬೇಸಗೆಯಲ್ಲಿ ಅಂಚಿನಿಂದ ಕೊಲೊರಾಡೋ ನದಿಯವರೆಗೆ ಇಳಿದು ಅದೇ ದಿನ ಹಿಂದಿರುಗುವ ಸಾಹಸವನ್ನು ಯಾರೂ ಮಾಡಕೂಡದೆಂಬುದು ಅವರ ಸಲಹೆ.

ಇಂತಹ ಕಂದರಗಳಲ್ಲಿ ಒಂದಲ್ಲ, ಒಂದರ ಹಿಂದೆ ಒಂದರಂತೆ ಹಲವನ್ನು ಇಳಿದು ಹತ್ತಿ, ಒಂದೇ ದಿನದಲ್ಲಿ ನೂರು ಮೈಲಿಗಳನ್ನು ಓಡಿ ಮುಗಿಸಬಹುದೆ? ಈ ಪ್ರಶ್ನೆಯನ್ನು 1974 ರವರೆಗೆ ಯಾರೂ ಗಂಭೀರವಾಗಿ ಕೇಳಿರಲಿಲ್ಲ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅದನ್ನು ಕೇಳಿದವನು ಗೋರ್ಡಿ ಏನ್ಸ್‌ಲೀ ಎಂಬ 27 ವರ್ಷದ ತರುಣ. ಓಟಗಾರನೆಂದರೆ ಕಣ್ಣ ಮುಂದೆ ನಿಲ್ಲುವ ಕಡ್ಡಿಯಂತಹ ಮೈ ಅವನದಲ್ಲ. ಸುಮಾರು 200 ಪೌಂಡು ತೂಕದ, ಗಡ್ಡ ಬಿಟ್ಟ ದೃಢಕಾಯ. ಅವನು ಕೇಳಿದ್ದು ಕೂಡ ಮಹತ್ತ್ವಾಕಾಂಕ್ಷೆಯಿಂದಲ್ಲ. ಕುದುರೆ ಇಲ್ಲದ್ದರಿಂದ!

ಈ ಕಥೆ ಆರಂಭವಾಗುವುದು ಕುದುರೆಗಳಿಂದಲೇ. ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವಕ್ಕೆ ಗೋಡೆಯಂತೆ ನಿಂತಿರುವ ಪರ್ವತಶ್ರೇಣಿ ಸಿಯೆರಾ ನೆವಾಡಾ. ಅದರ ನೆತ್ತಿಯ ಬಳಿ ಟಾಹೋ ಎಂಬ ನೀಲಿ ಸರೋವರ. ಪಶ್ಚಿಮದ ಬುಡದಲ್ಲಿ ಆಬರ್ನ್ ಎಂಬ ಪಟ್ಟಣ. ಇವೆರಡರ ನಡುವೆ ಪರ್ವತವನ್ನು ಸೀಳಿಕೊಂಡು ಹರಿಯುತ್ತವೆ ಅಮೆರಿಕನ್ ನದಿಯ ಕವಲುಗಳು. ಈ ನದಿಯ ದಕ್ಷಿಣದ ಕವಲಿನ ದಡದಲ್ಲಿ, ಕೊಲೋಮಾ ಎಂಬ ಊರಿನಲ್ಲಿ, 1848 ರ ಜನವರಿಯಲ್ಲಿ ಜೇಮ್ಸ್ ಮಾರ್ಷಲ್ ಎಂಬಾತನ ಕಣ್ಣಿಗೆ ಚಿನ್ನದ ಚೂರು ಬಿದ್ದಿತು. ಮರುವರ್ಷದಿಂದ ಲೋಕದ ನಾಲ್ಕು ಮೂಲೆಗಳಿಂದ ಜನ ಇಲ್ಲಿಗೆ ನುಗ್ಗಿದರು. ಕಂದರದ ಬದಿಗಳಲ್ಲಿ, ಮೇಕೆಗಳೂ ನಿಲ್ಲಲು ಹಿಂಜರಿಯುವಂತಹ ಎಡೆಗಳಲ್ಲಿ, ಊರುಗಳೆದ್ದವು. ಅವುಗಳ ಹೆಸರುಗಳೇ ಸಾಕು, ಅಲ್ಲಿನ ಬಾಳು ಎಂತಹುದಾಗಿತ್ತೆಂದು ತಿಳಿಯಲು. ಒಂದರ ಹೆಸರು ಲಾಸ್ಟ್ ಚಾನ್ಸ್, ಎಂದರೆ ಕಟ್ಟಕಡೆಯ ಅವಕಾಶ. ಇನ್ನೊಂದು ಡೆಡ್‌ವುಡ್, ಒಣಮರ. ಅವೆರಡರ ನಡುವಿನ ಕಂದರದ ಮೇಲೆ ಎದ್ದು ನಿಂತ ಕಪ್ಪು ಬಂಡೆಗೆ ಡೆವಿಲ್ಸ್ ಥಂಬ್, ಸೈತಾನನ ಹೆಬ್ಬೆರಳು.

ಚಿನ್ನ ತೀರಿತು, ಊರುಗಳು ಹಾಳಾದವು. ಗಣಿಗಾರರು ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಿದ ಕಾಲುದಾರಿಗಳು ಮಾತ್ರ ಉಳಿದವು. ಅವರಿಗಿಂತ ಎಷ್ಟೋ ಮೊದಲೇ ವಾಶೋ ಮತ್ತು ಪೈಯೂಟ್ ಎಂಬ ಮೂಲನಿವಾಸಿಗಳು ಈ ಪರ್ವತಗಳನ್ನು ದಾಟಿ ನಡೆದಾಡಿದ್ದರು. ಆ ಜಾಡಿನ ಮೇಲೆ 1955 ರಲ್ಲಿ ಆಬರ್ನಿನ ಉದ್ಯಮಿ ವೆಂಡೆಲ್ ರೋಬಿ ಎಂಬಾತನು ನಾಲ್ವರು ಜೊತೆಗಾರರೊಂದಿಗೆ ಕುದುರೆ ಹತ್ತಿ ಹೊರಟನು. ಈ ಕಾಲದ ಕುದುರೆಗಳಿಗೆ ಹಿಂದಿನವುಗಳ ಕಸುವಿಲ್ಲ, ದಿನಕ್ಕೆ ನೂರು ಮೈಲಿ ಹೋಗಲಾರವು ಎಂಬ ಮಾತನ್ನು ಅವನು ಒಪ್ಪಲಿಲ್ಲ. ಕುದುರೆಗಳು ಹೋದವು. ಅಂದಿನಿಂದ ಅದು ವಾರ್ಷಿಕ ಸ್ಪರ್ಧೆಯಾಯಿತು. ಟೆವಿಸ್ ಕಪ್ ಎಂಬ ಹೆಸರಾಯಿತು. ಇಪ್ಪತ್ತನಾಲ್ಕು ಗಂಟೆಗಳ ಒಳಗೆ ಆಬರ್ನನ್ನು ಮುಟ್ಟಿದ ಸವಾರನಿಗೆ, ಕುದುರೆ ಸುಸ್ಥಿತಿಯಲ್ಲಿದ್ದರೆ ಮಾತ್ರ, ಸೊಂಟಪಟ್ಟಿಗೆ ತೊಡಿಸುವ ಬೆಳ್ಳಿಯ ಬಿಲ್ಲೆಯೊಂದು ಬಹುಮಾನ. ಬೆಲೆಯ ದೃಷ್ಟಿಯಿಂದ ಅಲ್ಪವೇ. ಆದರೆ ಅದನ್ನು ಸಂಪಾದಿಸಿದವರು ದಿನವೂ ಅದನ್ನೇ ಧರಿಸಿ ಓಡಾಡುತ್ತಾರಂತೆ.

ಏನ್ಸ್‌ಲೀ 1971 ರಲ್ಲಿಯೂ 1972 ರಲ್ಲಿಯೂ ಈ ಸ್ಪರ್ಧೆಯನ್ನು ಕುದುರೆಯ ಮೇಲೆ ಮುಗಿಸಿದ್ದನು. 1973 ರಲ್ಲಿ ಹೊಸ ಕುದುರೆಯೊಂದನ್ನು ಹತ್ತಿ ಬಂದನು. ಇಪ್ಪತ್ತೊಂಬತ್ತನೆಯ ಮೈಲಿಯಲ್ಲಿ ರಾಬಿನ್ಸನ್ ಫ್ಲ್ಯಾಟ್ ಎಂಬ ತಪಾಸಣೆಯ ಠಾಣೆ. ಅಲ್ಲಿ ಪಶುವೈದ್ಯರು ಕುದುರೆಯ ನಡಿಗೆಯನ್ನು ನೋಡಿದರು. ಕುಂಟುತ್ತಿದೆ, ಮುಂದೆ ಬಿಡುವಂತಿಲ್ಲ ಎಂದರು. ಅಲ್ಲಿಗೆ ಅವನ ಸ್ಪರ್ಧೆ ಮುಗಿಯಿತು. ಮುಂದಿನ ವರ್ಷ ಏನು ಮಾಡುವುದೆಂದು ತೋಚದೆ ಇದ್ದಾಗ ಡ್ರುಸಿಲ್ಲಾ ಬಾರ್ನರ್ ಎಂಬ ಮಹಿಳೆ, ಕಾಲ್ನಡಿಗೆಯಲ್ಲೇ ಏಕೆ ಪ್ರಯತ್ನಿಸಬಾರದೆಂದು ಅವನನ್ನು ಹುರಿದುಂಬಿಸಿದರು. ಈಕೆ ಸಾಮಾನ್ಯರಲ್ಲ, ಟೆವಿಸ್ ಕಪ್ಪನ್ನು ಗೆದ್ದ ಮೊದಲ ಮಹಿಳೆ, ಸ್ಪರ್ಧೆಯನ್ನು ನಡೆಸುವ ಸಂಸ್ಥೆಯ ಕಾರ್ಯದರ್ಶಿ. ಅವರಾಡಿದ ಮಾತಿನಲ್ಲಿ ಎಷ್ಟು ಪಾಲು ತಮಾಷೆಯೋ ಎಷ್ಟು ಪಾಲು ನಿಜವೋ! ಹೇಳಿದವರು ಮರೆತರೂ ಕೇಳಿದವನು ಮರೆಯದಂತಹ ಮಾತುಗಳುಂಟು. ಇದು ಅಂತಹುದು.

ಕಾಲ್ನಡಿಗೆಯಲ್ಲಿ ಆ ದಾರಿಯನ್ನು ಅದಕ್ಕೆ ಮುನ್ನ ಯಾರೂ ಮುಗಿಸಿರಲಿಲ್ಲವೆಂದು ಹೇಳುವ ವಾಡಿಕೆಯುಂಟು. ಅದು ಸರಿಯಲ್ಲ. 1972 ರಲ್ಲಿ ಕ್ಯಾನ್ಸಾಸ್ ರಾಜ್ಯದ ಫೋರ್ಟ್ ರೈಲಿ ಎಂಬ ಸೇನಾನೆಲೆಯಿಂದ ಬಂದ 20 ಯೋಧರು ಇಲ್ಲಿ ನಡೆದಿದ್ದರು; ಅವರಲ್ಲಿ 7 ಮಂದಿ ಗುರಿ ಮುಟ್ಟಿದರು. ಅವರಿಗೆ ಹಿಡಿದದ್ದು ಸುಮಾರು 45 ಗಂಟೆ. ಕೀರ್ತಿ ಅವರಿಗೂ ಸಲ್ಲಬೇಕಾದದ್ದು ನ್ಯಾಯ. ಆದರೆ ಕುದುರೆಗೆ ವಿಧಿಸಿದ ಅವಧಿಯೊಳಗೆ, ಒಂದೇ ಹಗಲು ಒಂದೇ ಇರುಳಿನಲ್ಲಿ, ಮನುಷ್ಯನೊಬ್ಬನು ಹೋಗಬಲ್ಲನೆ? ಅದಕ್ಕೆ ಉತ್ತರವಿರಲಿಲ್ಲ. ತರಬೇತಾದ ಯೋಧರಿಗೇ ಎರಡು ದಿನ ಬೇಕಾದಲ್ಲಿ ಒಬ್ಬ ಒಂಟಿಗನು ಹೊರಡುತ್ತಾನೆಂದಾಗ, ಅವನು ಬದುಕಿ ಬರುವನೆ ಎಂಬುದೂ ಸ್ನೇಹಿತರ ಚಿಂತೆಯಾಗಿದ್ದರೆ ಆಶ್ಚರ್ಯವೇನು?

ಬೆಳಗಿನ ಜಾವದಲ್ಲಿ, 1960 ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದಿದ್ದ ಕಣಿವೆಯಿಂದ, ಕುದುರೆಗಳ ದೊಡ್ಡ ಗುಂಪಿನೊಡನೆ ಅವನು ಹೊರಟನು. ಆರಂಭವೇ ಒಂದು ಪರೀಕ್ಷೆ. ನಾಲ್ಕೂವರೆ ಮೈಲಿಗಳಲ್ಲಿ ಎರಡೂವರೆ ಸಾವಿರ ಅಡಿಗಳ ಏರು. ಎಮಿಗ್ರಂಟ್ ಪಾಸ್ ಎಂಬ ಘಟ್ಟದ ಬಾಯಿ ಸಮುದ್ರಮಟ್ಟದಿಂದ 8750 ಅಡಿಗಳ ಎತ್ತರದಲ್ಲಿದೆ. ಅಲ್ಲಿಂದ ಮುಂದೆ ಕಲ್ಲುಗುಡ್ಡೆಗಳ ನಡುವಿನ ಎತ್ತರದ ಕಾಡು. ಇಲ್ಲಿಯವರೆಗೆ ಓಡುವವನಿಗೆ ಗಾಳಿಯ ತೆಳುತನವೊಂದೇ ಶತ್ರು. ನಿಜವಾದ ಪರೀಕ್ಷೆ ನಲವತ್ತನೆಯ ಮೈಲಿಯ ಆಚೆ, ಲಾಸ್ಟ್ ಚಾನ್ಸ್ ದಾಟಿದ ಮೇಲೆ ಕಾದಿರುತ್ತದೆ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಕಂದರದಲ್ಲಿ ಮೊದಲ ಸಲ ಓಡುವವನ ದೇಹಕ್ಕೆ ಏನಾಗುತ್ತದೆಂಬುದನ್ನು ನೋಡುವುದು ಉಚಿತ. ಇಳಿಯುವುದು ಸುಲಭವೆಂದು ಎಲ್ಲರೂ ನಂಬುತ್ತಾರೆ. ಉಸಿರಿಗೆ ಅದು ಸುಲಭವೇ, ತೊಡೆಗೆ ಅಲ್ಲ. ಭಾರ ಹೇರಿದ ಗಾಡಿ ಇಳಿಜಾರಿಗೆ ಬಂದಾಗ ಎತ್ತುಗಳು ಎಳೆಯುವುದಿಲ್ಲ, ನೊಗವನ್ನು ಹಿಂದಕ್ಕೆ ಒತ್ತಿ ತಡೆಯುತ್ತವೆ. ಆಗ ಅವುಗಳ ಕತ್ತು ಸವೆಯುವಷ್ಟು ಸಮತಟ್ಟಿನ ಹಾದಿಯಲ್ಲಿ ಸವೆಯದು. ಇಳಿಯುವ ಓಟಗಾರನ ತೊಡೆಯ ಮುಂಭಾಗದ ಸ್ನಾಯುಗಳ ಕೆಲಸವೂ ಅದೇ. ಅವು ಬಿಗಿಯುತ್ತಿರುವಾಗಲೇ ಎಳೆಯಲ್ಪಟ್ಟು ಉದ್ದವಾಗುತ್ತವೆ. ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹರುಕುಗಳಾಗುತ್ತವೆ. ನೋವು ಆ ಕೂಡಲೆ ತೋರುವುದಿಲ್ಲ. ಒಂದೆರಡು ದಿನಗಳ ಮೇಲೆ, ಮನೆಯ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾದಾಗ, ಮನುಷ್ಯನಿಗೆ ತಾನು ಮಾಡಿದ್ದೇನೆಂದು ಅರಿವಾಗುತ್ತದೆ. ಹೊಸಬರು ಇಳಿಜಾರಿನಲ್ಲಿ ದಾಪುಗಾಲು ಹಾಕಿ, ಹಿಮ್ಮಡಿಯಿಂದ ನೆಲವನ್ನು ಗುದ್ದುತ್ತ ಓಡುತ್ತಾರೆ. ಪಳಗಿದವರ ಹೆಜ್ಜೆ ಚಿಕ್ಕದು, ಚುರುಕಾದುದು. ಕೈಗಳು ತಕ್ಕಡಿಯಂತೆ ಅಗಲಿಸಿರುತ್ತವೆ. ಕಣ್ಣು ಪಾದದ ಮೇಲಿರದೆ ಮುಂದಿನ ಮೂರು ನಾಲ್ಕು ಹೆಜ್ಜೆಗಳಾಚೆ ಇರುತ್ತದೆ. ಏರಿನಲ್ಲಿ ಅವರು ಓಡುವುದೇ ಇಲ್ಲ, ಮೊಣಕಾಲ ಮೇಲೆ ಕೈಯೂರಿ ನಡೆಯುತ್ತಾರೆ. ಇದರಲ್ಲಿ ನಾಚಿಕೆಗೆ ಕಾರಣವಿಲ್ಲವೆಂದು ತಿಳಿಯುವುದಕ್ಕೆ ಹೊಸಬನಿಗೆ ಒಂದು ಇಡೀ ಕಂದರವೇ ಬೇಕಾಗುತ್ತದೆ.

ಎರಡನೆಯದು ಬಿಸಿಲು. ಒಣಹವೆಯಲ್ಲಿ ಪ್ರತಿ ಸಾವಿರ ಅಡಿ ಕೆಳಗಿಳಿದಂತೆ ಕಾವು ಸುಮಾರು 5 ಡಿಗ್ರಿ ಫ್ಯಾರನ್‌ಹೀಟಿನಷ್ಟು ಏರುತ್ತದೆ. ಮೇಲಿನ ಬಂಡೆಯ ಬಳಿ ಹಿತವಾಗಿದ್ದ ಗಾಳಿ ತಳದಲ್ಲಿ ಒಲೆಯ ಉಸಿರಾಗುತ್ತದೆ. ಗೋಡೆಗಳೆರಡೂ ಕಾದು, ಬೀಸುವ ಗಾಳಿಯನ್ನು ತಡೆದು, ತಮ್ಮ ಕಾವನ್ನು ಒಂದಕ್ಕೊಂದು ಮರಳಿಸುತ್ತ ನಿಲ್ಲುತ್ತವೆ. ಈ ಕಂದರಗಳಲ್ಲಿ ಬೇಸಗೆಯ ಮಧ್ಯಾಹ್ನ ನೂರು ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಅದರ ನಡುವೆ ಓಡುವವನ ಬೆವರು ಬಟ್ಟೆಯನ್ನು ತೋಯಿಸುವ ಮೊದಲೇ ಆರಿಹೋಗುತ್ತದೆ. ಹಣೆಯ ಮೇಲೆ ಬಿಳಿಯ ಉಪ್ಪು ಮಾತ್ರ ಉಳಿಯುತ್ತದೆ.

ಏನ್ಸ್‌ಲೀಯ ದಿನವೂ ಅಂತಹುದೇ. ಲಾಸ್ಟ್ ಚಾನ್ಸಿನಿಂದ ಹಾದಿ ಸರ್ರನೆ ಜಾರಿ ನದಿಯ ಕವಲೊಂದಕ್ಕೆ ಇಳಿಯುತ್ತದೆ. ಅಲ್ಲಿ ಒಂದು ತೂಗುಸೇತುವೆ. ಅದರಾಚೆಗೆ ಡೆವಿಲ್ಸ್ ಥಂಬಿನ ಏರು: ಒಂದೂವರೆ ಮೈಲಿಯ ಆಸುಪಾಸಿನಲ್ಲಿ ಒಂದೂವರೆ ಸಾವಿರ ಅಡಿ, ಮೂವತ್ತಕ್ಕೂ ಹೆಚ್ಚು ತಿರುವುಗಳು. ಕಂದರದಲ್ಲಿ ಬಿಸಿಲಿಗೆ ಕುಸಿದು ಸಾಯುತ್ತಿದ್ದ ಕುದುರೆಯೊಂದನ್ನು ಕಂಡುದಾಗಿ ಅವನು ಮುಂದೆ ಹೇಳಿಕೊಂಡಿದ್ದಾನೆ. ನಾಲ್ಕು ಕಾಲಿನ ಬಲಿಷ್ಠ ಪ್ರಾಣಿ, ಅದಕ್ಕೆಂದೇ ಸಾಕಿ ಪಳಗಿಸಿದ್ದು, ನೆಲ ಹಿಡಿದಿದೆ. ಎರಡು ಕಾಲಿನವನು ಅದನ್ನು ದಾಟಿ ಹೋಗಬೇಕು. ಆಗ ಅವನ ಮನಸ್ಸಿನಲ್ಲಿ ಏನು ಸುಳಿಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕುದುರೆಯನ್ನು ತಡೆದು ನಿಲ್ಲಿಸಲು ಪಶುವೈದ್ಯನಿದ್ದನು. ಇವನನ್ನು ತಡೆಯಲು ಯಾರಿದ್ದರು?

ಏರಿನ ನಡುವೆ ಅವನ ಕಸುವು ಪೂರ್ತಿಯಾಗಿ ಇಳಿದುಹೋಯಿತು. ಇನ್ನು ಆಗದು, ಬಿಟ್ಟುಬಿಡೋಣ ಎಂದುಕೊಂಡನು. ಆಗ ತನ್ನನ್ನೇ ತಾನು ಕೇಳಿಕೊಂಡ ಪ್ರಶ್ನೆಯನ್ನು ಅವನು ಬಳಿಕ ಹಲವು ಬಾರಿ ವಿವರಿಸಿದ್ದಾನೆ. ಆಬರ್ನನ್ನು ಮುಟ್ಟಬಲ್ಲೆನೆ ಎಂದು ಕೇಳಲಿಲ್ಲ. ಮುಂದಿನ ಠಾಣೆಯನ್ನು ಮುಟ್ಟಬಲ್ಲೆನೆ ಎಂದೂ ಕೇಳಲಿಲ್ಲ. ಇನ್ನೊಂದು ಹೆಜ್ಜೆಯನ್ನು ಇಡಬಲ್ಲೆನೆ ಎಂದು ಮಾತ್ರ ಕೇಳಿಕೊಂಡನು. ಅದನ್ನು ಇಡಬಲ್ಲವನಾಗಿದ್ದನು. ಇಟ್ಟನು. ಮತ್ತೆ ಕೇಳಿಕೊಂಡನು.

ಮೇಲೆ ತಲಪಿದಾಗ ಪರಿಚಯದವರು ಅವನನ್ನು ಕುಳ್ಳಿರಿಸಿ, ನೀರು ಕುಡಿಸಿ, ಉಪ್ಪಿನ ಗುಳಿಗೆಗಳನ್ನು ನುಂಗಿಸಿ, ಕಾಲುಗಳನ್ನು ನೀವಿದರು. ಸ್ವಲ್ಪ ಹೊತ್ತಿನಲ್ಲಿ ಸತ್ತಂತಿದ್ದ ದೇಹಕ್ಕೆ ಜೀವ ಮರಳಿತು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ಕೇಳದವನಿಗೂ ಅಂದು ಅದರ ಅರ್ಥವಾಗಿದ್ದಿರಬೇಕು. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಉಪ್ಪಿನ ಗುಳಿಗೆ ಸಂಜೀವಿನಿಯಲ್ಲ. ದೂರದ ಓಟಗಳಲ್ಲಿ ನೀರಿಲ್ಲದೆ ಬಳಲಿದವರಷ್ಟೇ ಅಲ್ಲ, ಬಾಯಾರಿಕೆ ಇಲ್ಲದಿದ್ದರೂ ಹೆದರಿಕೆಯಿಂದ ನೀರನ್ನು ಕುಡಿದು ಕುಡಿದು ರಕ್ತದಲ್ಲಿನ ಸೋಡಿಯಂ ಅಂಶವನ್ನು ತೆಳುವಾಗಿಸಿಕೊಂಡು ಪ್ರಾಣಾಪಾಯಕ್ಕೆ ಗುರಿಯಾದವರೂ ಉಂಟು. ಎರಡೂ ಸ್ಥಿತಿಗಳಲ್ಲಿ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ, ಬುದ್ಧಿ ಮಂಕಾಗುತ್ತದೆ. ಆದರೆ ಒಂದಕ್ಕೆ ಮದ್ದಾದ ನೀರು ಇನ್ನೊಂದಕ್ಕೆ ವಿಷ. ಬಾಯಾರಿಕೆಯಾದಾಗ ಕುಡಿಯಬೇಕು ಎಂಬ, ಪ್ರತಿಯೊಂದು ದನವೂ ಬಲ್ಲ ನಿಯಮಕ್ಕೆ ಕ್ರೀಡಾವೈದ್ಯರು ಮರಳಿ ಬರಬೇಕಾದರೆ ಹಲವು ದಶಕಗಳು ಹಿಡಿದವು.

ಡೆವಿಲ್ಸ್ ಥಂಬಿನ ಬಳಿಕ ಇನ್ನೊಂದು ಇಳಿತ, ಎಲ್ ಡೊರಾಡೋ ಹಳ್ಳದವರೆಗೆ. ಅಲ್ಲಿಂದ ಸುಮಾರು 1800 ಅಡಿ ಏರಿದರೆ ಮಿಷಿಗನ್ ಬ್ಲಫ್ ಎಂಬ ಪುಟ್ಟ ಊರು. ಈ ಊರಿನ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಚಿನ್ನದ ಕಾಲದಲ್ಲಿ, 1850 ರ ದಶಕದಲ್ಲಿ, ಇಲ್ಲಿ ಗಣಿಗಾರರಿಗೆ ದಿನಸಿ ಮಾರುತ್ತಿದ್ದ ಅಂಗಡಿಕಾರನೊಬ್ಬನ ಹೆಸರು ಲೀಲಂಡ್ ಸ್ಟ್ಯಾನ್‌ಫರ್ಡ್. ಮುಂದೆ ಅವನು ಕ್ಯಾಲಿಫೋರ್ನಿಯಾದ ರಾಜ್ಯಪಾಲನಾದನು, ರೈಲುರಸ್ತೆಯ ಧನಿಕನಾದನು, ತನ್ನ ಮಗನ ನೆನಪಿಗೆ ವಿಶ್ವವಿದ್ಯಾಲಯವನ್ನು ಕಟ್ಟಿದನು. ಓಡುವ ಕುದುರೆಯ ನಾಲ್ಕು ಕಾಲುಗಳೂ ಏಕಕಾಲದಲ್ಲಿ ನೆಲವನ್ನು ಬಿಡುತ್ತವೆಯೆ ಎಂಬ ಪ್ರಶ್ನೆಯನ್ನು ಬಗೆಹರಿಸಲು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನಿಗೆ ಹಣ ಕೊಟ್ಟವನೂ ಇವನೇ. 1878 ರಲ್ಲಿ ತೆಗೆದ ಆ ಚಿತ್ರಗಳಿಂದ, ಕಾಲುಗಳು ನೆಲ ಬಿಡುವುದು ನಿಜವೆಂದು ಸಿದ್ಧವಾಯಿತು. ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ಅವುಗಳಿಂದಲೇ ಆರಂಭಿಸುತ್ತಾರೆ. ಕುದುರೆಯ ಓಟವನ್ನು ಅಷ್ಟು ಕುತೂಹಲದಿಂದ ನೋಡಿದ ಆ ಹಳೆಯ ಅಂಗಡಿಕಾರನ ಊರಿನೊಳಗೆ, ನೂರಿಪ್ಪತ್ತು ವರ್ಷಗಳ ಅನಂತರ, ಕುದುರೆಗಳ ಸಾಲಿನ ನಡುವೆ ಮನುಷ್ಯನೊಬ್ಬನು ಓಡುತ್ತ ಬಂದನು.

ಅಲ್ಲಿಂದಾಚೆಗೆ ಇನ್ನೂ ನಲವತ್ತು ಮೈಲಿಗಳಷ್ಟು ಹಾದಿ. ಹೊತ್ತು ಇಳಿಯಿತು, ಕತ್ತಲೆಯಾಯಿತು, ಕಂದರಗಳು ತಂಪಾದವು. ಕಾವು ತಗ್ಗಿದ ಮೇಲೆ ಅವನಿಗೆ ಉಳಿದದ್ದು ನೋವು ಮತ್ತು ನಿದ್ದೆ. ಮರುದಿನ ಬೆಳಗಾಗುವುದಕ್ಕೆ ಮೊದಲೇ ಅವನು ಆಬರ್ನನ್ನು ಮುಟ್ಟಿದನು. ಹೊರಟು 23 ಗಂಟೆ 42 ನಿಮಿಷಗಳಾಗಿದ್ದವು. ಕುದುರೆಗೆ ಗೊತ್ತು ಮಾಡಿದ್ದ ಅವಧಿಯಲ್ಲಿ ಇನ್ನೂ 18 ನಿಮಿಷ ಮಿಕ್ಕಿತ್ತು. ಅಂದಿನ ದಾರಿಯನ್ನು ಈಚೆಗೆ ಅಳೆದು ನೋಡಿದವರು ಅದು ನೂರು ಮೈಲಿಗೆ ಕಡಿಮೆಯೇ ಇದ್ದಿತೆಂದು ವಾದಿಸುತ್ತಾರೆ. ವಾದಿಸಲಿ. ಅಳತೆಯ ಪಟ್ಟಿಯನ್ನು ಹಿಡಿದು ನಿಂತವರು ಅಂದು ಆ ತಿರುವುಗಳಲ್ಲಿರಲಿಲ್ಲ.

ಕನ್ನಡದಲ್ಲಿ ಕುದುರೆಯ ಬೆನ್ನು ಹತ್ತಿದ ಮನುಷ್ಯರ ಕಥೆಗೇನೂ ಕೊರತೆಯಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತವೆಲ್ಲ ಅಶ್ವಮೇಧದ ಕುದುರೆಯ ಹಿಂದೆಯೇ ನಡೆಯುತ್ತದೆ. ಆದರೆ ಅಲ್ಲಿ ಕುದುರೆ ಹೋದೆಡೆಗೆ ಸೇನೆ ರಥವೇರಿ ಹೋಗುತ್ತದೆ. ಅರ್ಜುನನು ಕುದುರೆಯೊಡನೆ ಓಡಿದನೆಂದು ಕವಿ ಎಲ್ಲಿಯೂ ಹೇಳುವುದಿಲ್ಲ. ಮನುಷ್ಯನಿಗೆ ಅದು ಸಾಧ್ಯವೇ ಇಲ್ಲವೆಂದು ಪುರಾಣಕಾಲದಿಂದ ಇಂದಿನವರೆಗೆ ಎಲ್ಲರೂ ನಂಬಿದ್ದರು. ಅಲ್ಪ ದೂರಕ್ಕೆ ಆ ನಂಬಿಕೆ ಸರಿಯೇ. ದೂರ ಹೆಚ್ಚಿ ಬಿಸಿಲೇರಿದಂತೆ ಲೆಕ್ಕ ಬದಲಾಗುತ್ತದೆ. ನಾಗಾಲೋಟದಲ್ಲಿ ಕುದುರೆಯ ಉಸಿರು ಹೆಜ್ಜೆಗೆ ಗಂಟುಬಿದ್ದಿರುತ್ತದೆ: ಒಂದು ನೆಗೆತಕ್ಕೆ ಒಂದು ಉಸಿರು. ಮನುಷ್ಯನಿಗೆ ಆ ಕಟ್ಟಳೆಯಿಲ್ಲ. ಕುದುರೆಯೂ ಬೆವರುತ್ತದೆ, ನಿಜ. ಆದರೆ ಅದರ ಮೈಯ ಗಾತ್ರ ದೊಡ್ಡದು, ಗಾತ್ರಕ್ಕೆ ಹೋಲಿಸಿದರೆ ಕಾವನ್ನು ಹೊರಬಿಡುವ ಚರ್ಮ ಕಡಿಮೆ. ಮನುಷ್ಯನ ಮೈ ಬೋಳು. ಅದರ ಮೇಲೆ ಲಕ್ಷಾಂತರ ಬೆವರುಗ್ರಂಥಿಗಳು. ಡೆನಿಸ್ ಬ್ರ್ಯಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿಜ್ಞಾನಿಗಳು 2004 ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಮನುಷ್ಯನ ದೇಹದ ಹಲವು ಲಕ್ಷಣಗಳು ದೂರದ ಓಟಕ್ಕೆಂದೇ ರೂಪುಗೊಂಡಂತಿವೆಯೆಂದು ವಾದಿಸಿದರು. ಕಾಕತಾಳೀಯವೆಂಬಂತೆ ಅದೇ ವರ್ಷ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ, 1980 ರಿಂದ ನಡೆದುಬಂದಿದ್ದ ಸುಮಾರು 22 ಮೈಲಿಗಳ ಮನುಷ್ಯ–ಕುದುರೆ ಪಂದ್ಯದಲ್ಲಿ ಹ್ಯೂ ಲಾಬ್ ಎಂಬಾತನು ಕುದುರೆಗಳನ್ನೆಲ್ಲ ಮೊದಲ ಬಾರಿಗೆ ಹಿಂದೆ ಹಾಕಿದನು. ಇಷ್ಟಾದರೂ ಅತಿಶಯೋಕ್ತಿ ಬೇಡ. ಏನ್ಸ್‌ಲೀ ಕುದುರೆಗಳನ್ನು ಸೋಲಿಸಲಿಲ್ಲ. ಟೆವಿಸ್ ಕಪ್ಪನ್ನು ಗೆಲ್ಲುವ ಕುದುರೆ ಅವನಿಗಿಂತ ಎಷ್ಟೋ ಮೊದಲೇ ಆಬರ್ನಿನಲ್ಲಿ ಹುಲ್ಲು ಮೇಯುತ್ತಿರುತ್ತದೆ.

ಅವನ ಹಿಂದೆ ಬಂದವರ ಕಥೆ ಅವನದಷ್ಟೇ ಸ್ವಾರಸ್ಯವಾದುದು. 1975 ರಲ್ಲಿ ಮತ್ತೊಬ್ಬ ತರುಣನು ಅದೇ ಹಾದಿಯಲ್ಲಿ ಓಡಿದನು. ಕಂದರಗಳೆಲ್ಲ ಮುಗಿದವು, ನದಿ ಮುಗಿಯಿತು, ಇನ್ನೆರಡು ಮೈಲಿ ಉಳಿದಿತ್ತು, ಕಾಲಾವಕಾಶವೂ ಧಾರಾಳವಾಗಿತ್ತು. ಅಲ್ಲಿ ಅವನು ನಿಂತುಬಿಟ್ಟನು! ತೊಂಬತ್ತೆಂಟು ಮೈಲಿಗಳನ್ನು ಓಡಿದ ಕಾಲುಗಳು ಎರಡು ಮೈಲಿಗೆ ಏಕೆ ಒಲ್ಲೆನೆಂದವು? ಗೆದ್ದವರ ಹೆಸರುಗಳನ್ನು ಹೇಳುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಕೇಳತಕ್ಕ ಪ್ರಶ್ನೆ ಇದೇ. 1976 ರಲ್ಲಿ ಕೆನ್ ಶರ್ಕ್ ಎಂಬಾತನು, ಕೊಂಬಿನ ಟೋಪಿ ಧರಿಸಿ ತನ್ನನ್ನು ಕೌಮನ್ ಎಂದು ಕರೆದುಕೊಳ್ಳುತ್ತಿದ್ದ ವಿಲಕ್ಷಣ ವ್ಯಕ್ತಿ, 24 ಗಂಟೆ 29 ನಿಮಿಷಗಳಲ್ಲಿ ಮುಗಿಸಿದನು. ಅರ್ಧ ಗಂಟೆಯಿಂದ ಗಡುವು ತಪ್ಪಿತು.

1977 ರಲ್ಲಿ ಇದು ಒಂದು ವಿಧಿವತ್ತಾದ ಓಟವಾಯಿತು. ಹದಿನಾಲ್ಕು ಮಂದಿ ಹೊರಟರು, ಇನ್ನೂ ಕುದುರೆಗಳ ಜೊತೆಯಲ್ಲಿಯೇ. ಓಟಗಾರರಿಗೆ ಬೇರೆ ವೈದ್ಯರಿರಲಿಲ್ಲ. ಕುದುರೆಗಳ ನಾಡಿ ನೋಡುವ ಪಶುವೈದ್ಯರೇ ಇವರನ್ನೂ ಪರೀಕ್ಷಿಸಿದರು. ಇದನ್ನು ಓದಿ ನಗುವವರು ನಗಬಹುದು. ಆದರೆ ಆ ಪಶುವೈದ್ಯರಿಂದಲೇ ಈ ಓಟಕ್ಕೆ ಅದರ ವಿವೇಕ ಬಂದಿತೆಂದರೆ ತಪ್ಪಾಗದು. ಕುದುರೆಗೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಬಾಯಿಲ್ಲ. ಆದ್ದರಿಂದ ನಾಡಿಯನ್ನು ನಂಬಬೇಕು, ತೂಕವನ್ನು ನಂಬಬೇಕು. ಮನುಷ್ಯನಿಗೆ ಬಾಯುಂಟು, ಆದರೆ ಬಿಲ್ಲೆಯ ಆಸೆಯಲ್ಲಿ ಅದು ಸುಳ್ಳು ಹೇಳುತ್ತದೆ. ಮುಂದೆ ಎಷ್ಟೋ ವರ್ಷಗಳ ಕಾಲ ಈ ಓಟದ ಠಾಣೆಗಳಲ್ಲಿ ಓಟಗಾರರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ತೂಕ ಮಿತಿ ಮೀರಿ ಇಳಿದರೆ ಎಷ್ಟು ಬೇಡಿಕೊಂಡರೂ ಮುಂದೆ ಬಿಡುತ್ತಿರಲಿಲ್ಲ.

ಆ ಹದಿನಾಲ್ವರಲ್ಲಿ ಗುರಿ ಮುಟ್ಟಿದವರು ಮೂವರು. ಆಂಡಿ ಗಾಂಜಾಲೆಸ್ ಎಂಬ 22 ವರ್ಷದ ಹುಡುಗನು 22 ಗಂಟೆ 57 ನಿಮಿಷಗಳಲ್ಲಿ ಬಂದನು. ಉಳಿದಿಬ್ಬರು ಐದೂವರೆ ಗಂಟೆಗಳಿಗಿಂತ ಹೆಚ್ಚು ತಡವಾಗಿ, 28 ಗಂಟೆ 36 ನಿಮಿಷಗಳಿಗೆ, ಜೊತೆಯಾಗಿಯೇ ಬಂದರು. ಒಬ್ಬರಿಗೆ 53 ವರ್ಷ, ಇನ್ನೊಬ್ಬರಿಗೆ 54. ಎರಡನೆಯವರ ಹೆಸರು ಡಾ. ರಾಲ್ಫ್ ಪ್ಯಾಫೆನ್‌ಬಾರ್ಗರ್.

ಈ ಹೆಸರು ಓಟಗಾರರಿಗಿಂತ ವೈದ್ಯರಿಗೆ ಹೆಚ್ಚು ಪರಿಚಿತ. ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ ಹಮಾಲರನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾವಿರಾರು ಹಳೆಯ ವಿದ್ಯಾರ್ಥಿಗಳನ್ನೂ ವರ್ಷಾನುಗಟ್ಟಲೆ ಗಮನಿಸಿ, ದೇಹಶ್ರಮವುಳ್ಳವರಿಗೆ ಹೃದಯರೋಗ ಕಡಿಮೆಯೆಂದು ತೋರಿಸಿಕೊಟ್ಟವರಲ್ಲಿ ಇವರು ಅಗ್ರಗಣ್ಯರು. ವ್ಯಾಯಾಮದಿಂದ ಆಯುಸ್ಸು ಹೆಚ್ಚುತ್ತದೆಂದು ಇಂದು ಯಾವ ವೈದ್ಯರು ಹೇಳಿದರೂ ಆ ಮಾತಿನ ಹಿಂದೆ ಇವರ ಲೆಕ್ಕದ ಹಾಳೆಗಳಿವೆ. ಮುಂದೆ ಇವರು ಪ್ರಾಧ್ಯಾಪಕರಾಗಿ ಸೇವೆ ಮಾಡಿದ್ದು ಸ್ಟ್ಯಾನ್‌ಫರ್ಡಿನಲ್ಲಿ, ಮಿಷಿಗನ್ ಬ್ಲಫ್ಫಿನ ಆ ಅಂಗಡಿಕಾರನು ಕಟ್ಟಿಸಿದ ವಿಶ್ವವಿದ್ಯಾಲಯದಲ್ಲಿ. ಎಲ್ಲಕ್ಕಿಂತ ಸೊಗಸಾದ ಸಂಗತಿಯೆಂದರೆ, ಸಂಶೋಧನೆಯ ಮೇಜಿನ ಮುಂದೆ ಕುಳಿತೇ ಕಾಲ ಕಳೆದಿದ್ದ ಈ ವೈದ್ಯರು ತಾವು ಓಡತೊಡಗಿದ್ದು ತಮ್ಮ 45 ನೆಯ ವಯಸ್ಸಿನಲ್ಲಿ. ತಮ್ಮ ಅಂಕಿಗಳನ್ನು ತಾವೇ ನಂಬಿದ ವಿದ್ವಾಂಸರು ಲೋಕದಲ್ಲಿ ಎಷ್ಟು ಮಂದಿ!

ಇಬ್ಬರು ಹಿರಿಯರು ಇಪ್ಪತ್ತನಾಲ್ಕು ಗಂಟೆಗಳನ್ನು ಮೀರಿದರೂ ಬಿಡದೆ ಬಂದುದನ್ನು ಕಂಡ ಮೇಲೆ, ಗಡುವನ್ನು 30 ಗಂಟೆಗಳಿಗೆ ವಿಸ್ತರಿಸಲಾಯಿತು. ಬೆಳ್ಳಿಯ ಬಿಲ್ಲೆ ಇಪ್ಪತ್ತನಾಲ್ಕರ ಒಳಗಿನವರಿಗೆ. ಮೂವತ್ತರ ಒಳಗೆ ಬಂದವರಿಗೆ ಕಂಚಿನದು. 1978 ರಿಂದ ಓಟವು ಕುದುರೆಗಳಿಂದ ಬೇರ್ಪಟ್ಟು ತನ್ನದೇ ದಿನವನ್ನು ಪಡೆಯಿತು. ಆ ವರ್ಷ ಪ್ಯಾಟ್ ಸ್ಮೈದ್ ಎಂಬ ಮಹಿಳೆ 29 ಗಂಟೆ 34 ನಿಮಿಷಗಳಲ್ಲಿ ಮುಗಿಸಿ, ಹೆಣ್ಣಿಗೆ ಇದು ಎಟಕದೆನ್ನುವವರ ಬಾಯಿ ಮುಚ್ಚಿಸಿದಳು. ಆನ್ ಟ್ರೇಸನ್ ಎಂಬಾಕೆಯಂತೂ 1989 ಮತ್ತು 2003 ರ ನಡುವೆ ಹದಿನಾಲ್ಕು ಬಾರಿ ಮಹಿಳೆಯರಲ್ಲಿ ಮೊದಲಿಗಳಾದಳು. ಇಂದು ವೆಸ್ಟರ್ನ್ ಸ್ಟೇಟ್ಸ್ ಎಂಬ ಈ ಓಟಕ್ಕೆ ಜಗತ್ತಿನಾದ್ಯಂತದಿಂದ ಸಾವಿರಾರು ಮಂದಿ ಅರ್ಜಿ ಹಾಕುತ್ತಾರೆ. ಚೀಟಿ ಎತ್ತಿ ಸುಮಾರು 370 ಮಂದಿಯನ್ನು ಬಿಟ್ಟುಕೊಳ್ಳುತ್ತಾರೆ. 2019 ರಲ್ಲಿ ಜಿಮ್ ವಾಮ್ಸ್‌ಲೀ ಎಂಬಾತನು 14 ಗಂಟೆ 9 ನಿಮಿಷಗಳಲ್ಲಿಯೂ, 2023 ರಲ್ಲಿ ಕೋರ್ಟ್ನಿ ಡಾವಾಲ್ಟರ್ ಎಂಬಾಕೆ 15 ಗಂಟೆ 29 ನಿಮಿಷಗಳಲ್ಲಿಯೂ ಅದನ್ನು ಮುಗಿಸಿದರು.

ಆದರೂ ಆಬರ್ನಿನ ಜನ ಹಾಸಿಗೆ ಬಿಟ್ಟೆದ್ದು ಪ್ರೌಢಶಾಲೆಯ ಮೈದಾನಕ್ಕೆ ಬರುವುದು ಗೆದ್ದವರನ್ನು ನೋಡುವುದಕ್ಕಲ್ಲ. ಗೆದ್ದವರು ಹಿಂದಿನ ಸಂಜೆಯೇ ಬಂದು ಸ್ನಾನ ಮಾಡಿ ಮಲಗಿರುತ್ತಾರೆ. ಜನ ಸೇರುವುದು ಮರುದಿನ ಬೆಳಗ್ಗೆ, ಮೂವತ್ತನೆಯ ಗಂಟೆಯಲ್ಲಿ, ಕಟ್ಟಕಡೆಯವರು ಬರುವ ಹೊತ್ತಿಗೆ. 2015 ರ ಜೂನ್ ತಿಂಗಳ ಅಂತಹ ಒಂದು ಬೆಳಗ್ಗೆ ಗಡಿಯಾರವು ಗಡುವಿನತ್ತ ಸಾಗುತ್ತಿರಲು, ಗುನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಅಜ್ಜಿ ಊರಿನ ಕೊನೆಯ ಏರನ್ನು ಹತ್ತುತ್ತಿದ್ದರು. ಇರುಳಿನ ಹಾದಿಯಲ್ಲಿ ಒಂದು ಕಡೆ ದಾರಿ ತಪ್ಪಿ ಅಮೂಲ್ಯವಾದ ಹೊತ್ತನ್ನು ಕಳೆದುಕೊಂಡಿದ್ದರು. ಅವರಿಗಿಂತ ಹದಿನೈದು ಗಂಟೆಗಳ ಮೊದಲು ಓಟವನ್ನು ಗೆದ್ದಿದ್ದ ರಾಬ್ ಕ್ರಾರ್, ಕಾಲಿಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಅವರ ಪಕ್ಕದಲ್ಲಿ ಓಡುತ್ತ ಬಂದನು. ಮೈದಾನದ ಬಾಗಿಲನ್ನು ಹೊಕ್ಕಾಗ ಇನ್ನೂ ಮುಕ್ಕಾಲು ಸುತ್ತು ಉಳಿದಿತ್ತು. ನೆರೆದವರೆಲ್ಲರೂ ಎದ್ದು ನಿಂತು ಕೂಗುತ್ತಿದ್ದರು. ಅಜ್ಜಿಯ ಕಾಲು ಗೆರೆಯನ್ನು ದಾಟಿದಾಗ ಗಡಿಯಾರವು 29 ಗಂಟೆ, 59 ನಿಮಿಷ, 54 ಸೆಕೆಂಡುಗಳನ್ನು ತೋರಿಸುತ್ತಿತ್ತು.